ಭಾವಚಿತ್ರದ ವೇಷಾಂತರ

ಕಳೆದ ವರ್ಷ ವಿದ್ಯಾರ್ಥಿವೇತನದ ಅರ್ಜಿ ತುಂಬಲು ಕುಳಿತಾಗಲೇ, ಮನುಷ್ಯನಿಗೆ ಮುಖವಿದ್ದರೆ ಸಾಲದು, ಆ ಮುಖಕ್ಕೆ ತಕ್ಕ ಕಡತವೂ ಇರಬೇಕೆಂಬುದು ನನಗೆ ತಿಳಿದದ್ದು. ಭಾವಚಿತ್ರವು ಜೆಪಿಜಿ ರೂಪದಲ್ಲಿರಬೇಕು, 50 ಕೆಬಿ ಮೀರಬಾರದು ಎಂದು ಅಪ್ಪಣೆಯಾಗಿತ್ತು. ನನ್ನದಾದರೋ ಪುಣೆಯಿಂದ ಬಂದಿದ್ದ ಕಾಕಾನ ಮಗನ ಐಫೋನಿನಲ್ಲಿ ತೆಗೆದದ್ದು. 2017ರಿಂದೀಚೆಗೆ ಆ ಫೋನುಗಳು ಸಾಮಾನ್ಯವಾಗಿ ಚಿತ್ರಗಳನ್ನು ಎಚ್‌ಇಐಸಿ ಎಂಬ ರೂಪದಲ್ಲಿ ಇಡುತ್ತವೆ. ಅರ್ಜಿ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಮರುದಿನವೇ ಕೊನೆಯ ದಿನ. ಬುದ್ಧಿವಂತನಾದ ನಾನು ಕಡತದ ಹೆಸರಿನ ಬಾಲವನ್ನು ಕತ್ತರಿಸಿ 'ಜೆಪಿಜಿ' ಎಂದು ಅಂಟಿಸಿದೆನು. ಆಗಲೂ ತಿರಸ್ಕಾರವೇ!

ಕಮಲನಗರದ ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಓಡಿದೆನು.

"ತಮ್ಮಾ, ನೀ ಹೆಸರಷ್ಟೇ ಬದಲಿ ಮಾಡೀದಿ. ಒಳಗಿನ ಮಾಲು ಅದೇ ಅದ" ಎಂದು ಅಂಗಡಿಯ ಅಣ್ಣನವರು ನಕ್ಕರು.

ನಮ್ಮ ಸೀಮೆಯವನಾಗಿ ನನಗೆ ಇದು ಹೊಳೆಯಬೇಕಾಗಿತ್ತು. 1956ರ ವರೆಗೆ ನಾವು ಹೈದರಾಬಾದ್ ರಾಜ್ಯದವರು. ಮನೆಯ ಟ್ರಂಕಿನಲ್ಲಿರುವ ಹಳೆಯ ಹೊಲದ ಕಾಗದಗಳು ಉರ್ದುವಿನಲ್ಲಿವೆ. ಅವುಗಳ ನೆತ್ತಿಯ ಮೇಲೆ 'ಕನ್ನಡ' ಎಂದು ಬರೆದರೆ ಅವು ಕನ್ನಡವಾದಾವೇ? ಬಲ್ಲವರೊಬ್ಬರು ಓದಿ, ತಿಳಿದು, ಮತ್ತೆ ಬರೆದುಕೊಡಬೇಕು.

ಅಣ್ಣನವರ ಗಣಕದಲ್ಲಿ ಆ ಬಲ್ಲವನ ಕೆಲಸ ಮಾಡುತ್ತಿದ್ದುದು ಇರ್ಫಾನ್‌ವ್ಯೂ ಎಂಬ ಪುಟ್ಟ ತಂತ್ರಾಂಶ. ಬೋಸ್ನಿಯಾ ದೇಶದ ಇರ್ಫಾನ್ ಶ್ಕಿಲ್ಯಾನ್ ಎಂಬವರು ವಿಯೆನ್ನಾದಲ್ಲಿ ಓದುತ್ತಿದ್ದ ಕಾಲದಲ್ಲಿ, 1996ರಲ್ಲಿ, ಹೊರತಂದದ್ದು. ಮನೆಯ ಬಳಕೆಗೆ ಇಂದಿಗೂ ಬಿಟ್ಟಿ. ಒಮ್ಮೆ ಗಣಕಕ್ಕೆ ಹಾಕಿಕೊಂಡರೆ ಇಂಟರ್ನೆಟ್ಟಿನ ಹಂಗೂ ಇಲ್ಲ. ಎಚ್‌ಇಐಸಿಯನ್ನು ತೆರೆಯಲು ಮಾತ್ರ ಅದಕ್ಕೊಂದು ಉಪಾಂಗವನ್ನು ಜೋಡಿಸಬೇಕು. ಅಣ್ಣನವರು ಚಿತ್ರವನ್ನು ತೆರೆದು, ಅಳತೆ ಕುಗ್ಗಿಸಿ, 'ಸೇವ್ ಆ್ಯಸ್' ಒತ್ತಿ ಜೆಪಿಜಿಯನ್ನು ಆರಿಸಿದರು. ಗುಣಮಟ್ಟದ ಅಂಕಿಯನ್ನು ತುಸು ಇಳಿಸಿದರು. ನನ್ನ ಮುಖ 46 ಕೆಬಿಗೆ ಇಳಿಯಿತು. ಅರ್ಜಿ ಮಾತಿಲ್ಲದೆ ನುಂಗಿತು.

ಇಲ್ಲಿಗೇ ನಿಲ್ಲಿಸಿದ್ದರೆ ಈ ಪ್ರಬಂಧ ಹುಟ್ಟುತ್ತಿರಲಿಲ್ಲ. ಆ ತಂತ್ರಾಂಶವನ್ನು ಮನೆಯ ಹಳೆಯ ಗಣಕಕ್ಕೂ ಹಾಕಿಕೊಂಡೆನು. ಕಂಡ ಚಿತ್ರಗಳನ್ನೆಲ್ಲ ಒಂದು ರೂಪದಿಂದ ಇನ್ನೊಂದಕ್ಕೆ ತಿರುಗಿಸುವ ಹುಚ್ಚು ಹಿಡಿಯಿತು. ನೂರಾರು ಚಿತ್ರಗಳನ್ನು ಒಂದೇ ಏಟಿಗೆ ತಿರುಗಿಸುವ ಸೌಕರ್ಯವೂ ಅದರಲ್ಲುಂಟು! ಹೀಗೆ ನನ್ನ ಕೈಗೆ ಸಿಕ್ಕವರು ನಮ್ಮ ಮುತ್ಯಾ. ರುಮಾಲು ಸುತ್ತಿ ಕುಳಿತ ಅವರ ಒಂದೇ ಒಂದು ಪಟವಿತ್ತು. ಮೂಲವು ಒಂದು ಮಳೆಗಾಲದಲ್ಲಿ ನೆನೆದು ಹಾಳಾಗಿತ್ತು. ಅದಕ್ಕೆ ಮೊದಲೇ ಔರಾದಿನ ಕಾಕಾ ಅದನ್ನು ಸ್ಕ್ಯಾನ್ ಮಾಡಿ ಪಿಎನ್‌ಜಿಯಾಗಿ ಕೊಟ್ಟಿದ್ದರು. ನಾನು ಅದನ್ನು ಜೆಪಿಜಿ ಮಾಡಿದೆನು. ಅಂಚು ಕತ್ತರಿಸಿ ಉಳಿಸಿದೆನು. ಬೆಳಕು ಹೆಚ್ಚಿಸಿ ಉಳಿಸಿದೆನು. ಫೋನಿನಲ್ಲಿ ಹಗುರಾಗಲೆಂದು ಗುಣಮಟ್ಟ ಇಳಿಸಿ ಮತ್ತೆ ಉಳಿಸಿದೆನು. ಜಾಗ ತಿನ್ನುವುದೇಕೆಂದು ಪಿಎನ್‌ಜಿಯನ್ನು ಅಳಿಸಿಯೂ ಬಿಟ್ಟೆನು.

ಆಯಿಗೆ ತೋರಿಸಿದೆನು. ಆಕೆ ತನ್ನ ಗಂಡನ ಮುಖವನ್ನು ಬಹಳ ಹೊತ್ತು ನೋಡಿದಳು.

"ಗಲ್ಲದ ಮ್ಯಾಲಿನ ಮಚ್ಚಿ ಎಲ್ಲಿ ಹೋಯ್ತೋ?"

1992ರಲ್ಲಿ ಮಾನಕವಾದ ಜೆಪಿಜಿಯು ಚಿತ್ರವನ್ನು ಎಂಟೆಂಟು ಚುಕ್ಕೆಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಬೇಗ ಬೀಳದ ಸೂಕ್ಷ್ಮಗಳನ್ನು ಬಿಸುಟುಬಿಡುತ್ತದೆಂದೂ, ತಿದ್ದಿ ಉಳಿಸಿದಾಗಲೆಲ್ಲ ಇನ್ನಷ್ಟು ಬಿಸುಡುತ್ತದೆಂದೂ ಆ ರಾತ್ರಿ ಓದಿದೆನು. ಪಿಎನ್‌ಜಿ ಒಂದು ಚುಕ್ಕೆಯನ್ನೂ ಬಿಡದಂತೆ ಗಂಟು ಕಟ್ಟುತ್ತದೆ. ಆಸೆಯಿಂದ ಮತ್ತೆ ಪಿಎನ್‌ಜಿ ಮಾಡಿ ನೋಡಿದೆನು. ಕಡತ ಊದಿಕೊಂಡಿತು, ಮಚ್ಚೆ ಬರಲಿಲ್ಲ. ಯಾರ ಕಣ್ಣಿಗೆ ಬೀಳದ ಸೂಕ್ಷ್ಮವೆಂದು ಜೆಪಿಜಿಯನ್ನು ಮಾಡಿದವರನ್ನು ಕೇಳಬೇಕೆನಿಸಿತು. ಆಯಿಯ ಕಣ್ಣನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ವಿದ್ಯಾರ್ಥಿವೇತನ ಬಂದಿದೆ. ಔರಾದಿನ ಕಾಕಾ ಆ ಗಣಕವನ್ನು ಮಾರಿ ಬಹಳ ದಿನಗಳಾದವಂತೆ. ಹಳೆಯ ಪೆನ್‌ಡ್ರೈವ್ ಒಂದು ಅಟ್ಟದ ಮೇಲೆ ಇರಬಹುದೆಂದಿದ್ದಾರೆ. ಈ ಭಾನುವಾರ ಆಯಿಯೂ ನನ್ನೊಡನೆ ಬರುತ್ತೇನೆಂದು ಹಟ ಹಿಡಿದಿದ್ದಾಳೆ.