ಹಾರುವ ಮೊದಲು ಒಂದು ನಟ್ಟು

ಮಾದರಿ ವಿಮಾನ ಹಾರಿಸುವುದೆಂದರೆ ರಿಮೋಟ್ ಹಿಡಿದು ಆಕಾಶ ನೋಡುತ್ತ ನಿಲ್ಲುವುದು ಎಂದು ಬಹಳ ಜನ ತಿಳಿದಿದ್ದಾರೆ. ಭಾನುವಾರ ಮಕ್ಕಳನ್ನು ಮೈದಾನಕ್ಕೆ ಕರೆತರುವ ತಂದೆತಾಯಂದಿರು ‘ಅದು ತಲೆಯ ಮೇಲೆ ಬಿದ್ದರೆ?’ ಎಂದು ಕೇಳುತ್ತಾರೆ. ಬೀಳದೆಯೂ ಇಲ್ಲ. ಆದರೆ ನಾನು ಕಂಡ ಗಾಯಗಳೆಲ್ಲ ಆದದ್ದು ವಿಮಾನ ನೆಲದ ಮೇಲಿದ್ದಾಗ, ಅದರ ಮೂಗಿನಿಂದ ಒಂದು ಗೇಣಿನೊಳಗೆ.

ಸಣ್ಣದೊಂದು ಲೆಕ್ಕ ಹಾಕೋಣ. 6.5 ಸಿ.ಸಿ. ಎಂಜಿನ್ನಿಗೆ 10 ಅಂಗುಲದ ಪ್ರೊಪೆಲ್ಲರ್ ಹಾಕಿದೆವೆನ್ನಿ. ಅದರ ತುದಿ ಒಂದು ಸುತ್ತಿಗೆ ಸುಮಾರು 80 ಸೆಂ.ಮೀ. ಸಾಗುತ್ತದೆ. ನಿಮಿಷಕ್ಕೆ 12,000 ಸುತ್ತು ಎಂದರೆ ಸೆಕೆಂಡಿಗೆ 200 ಸುತ್ತು, 160 ಮೀಟರ್. ಗಂಟೆಗೆ 570 ಕಿ.ಮೀ.ಗೂ ಹೆಚ್ಚು! ಆ ವೇಗದಲ್ಲಿ ಅಲಗು ಕಣ್ಣಿಗೆ ಕಾಣುವುದೇ ಇಲ್ಲ.

ಇಂಥ ಅಲಗನ್ನು ಹಿಡಿದಿಡುವುದು ಒಂದು ವಾಷರ್, ಒಂದು ನಟ್ಟು. ಆದ್ದರಿಂದ ಕೂಡಿಸುವ ಕೆಲಸದಲ್ಲಿ ಅವಸರ ಸಲ್ಲದು. ಪ್ರೊಪೆಲ್ಲರಿನ ಮೇಲೆ ಅಳತೆ ಬರೆದ ಮುಖ ಮುಂದಕ್ಕಿರಬೇಕು. ರಂಧ್ರ ಎಂಜಿನ್ನಿನ ದಂಡಕ್ಕೆ ಸರಿಯಾಗಿ ಕೂರಬೇಕು; ಚಾಕುವಿನಿಂದ ಕೆರೆದು ಹಿಗ್ಗಿಸಿದರೆ ನಡು ತಪ್ಪಿ ಇಡೀ ವಿಮಾನ ನಡುಗುತ್ತದೆ. ಒಂದು ಅಲಗು ಭಾರವಾಗಿದ್ದರೂ ಅಷ್ಟೆ. ನಟ್ಟನ್ನು ಬಿಗಿಯಲು ಇಕ್ಕಳ ಬೇಡ, ಸರಿಯಾದ ಅಳತೆಯ ಸ್ಪ್ಯಾನರ್ ಬೇಕು. ಮರದ ಪ್ರೊಪೆಲ್ಲರ್ ಒತ್ತಡಕ್ಕೆ ತುಸು ಕುಗ್ಗುವುದರಿಂದ ಮೊದಲ ಓಟದ ನಂತರ ಮತ್ತೆ ಬಿಗಿಯಬೇಕು. ಅಲಗಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅಂಟು ಹಚ್ಚಲು ಹೋಗದೆ ಮುರಿದು ಎಸೆಯಿರಿ.

ಇನ್ನು ಚಾಲೂ ಮಾಡುವ ವಿಷಯ. ಈ ಎಂಜಿನ್ನಿನ ಇಂಧನ ಮೆಥನಾಲ್. ಜೊತೆಗೆ ಎಣ್ಣೆ, ಹಲವು ಬಾರಿ ನಮ್ಮ ಅಜ್ಜಿಯರ ಹರಳೆಣ್ಣೆಯೇ! ಗ್ಲೋ ಪ್ಲಗ್ಗಿನ ಪ್ಲಾಟಿನಂ ತಂತಿಯನ್ನು ಒಂದೂವರೆ ವೋಲ್ಟಿನ ಬ್ಯಾಟರಿ ಕೆಂಪಗೆ ಕಾಯಿಸುತ್ತದೆ. ಎಂಜಿನ್ ಓಡತೊಡಗಿದ ಮೇಲೆ ದಹನದ ಶಾಖ, ಮೆಥನಾಲ್ ಮತ್ತು ಪ್ಲಾಟಿನಂನ ರಾಸಾಯನಿಕ ಕ್ರಿಯೆ ಸೇರಿ ತಂತಿಯನ್ನು ಬಿಸಿಯಾಗಿಡುತ್ತವೆ. ಆಗ ಬ್ಯಾಟರಿ ತೆಗೆದರೂ ಎಂಜಿನ್ ನಿಲ್ಲದು. ನಿಲ್ಲಿಸಲು ಗಾಳಿಯನ್ನೋ ಇಂಧನವನ್ನೋ ತಡೆಯಬೇಕು. ಪ್ರೊಪೆಲ್ಲರನ್ನು ತಿರುಗಿಸಲು ಬೆರಳಿನ ಬದಲು ರಬ್ಬರ್ ಸುತ್ತಿದ ಕೋಲು ಅಥವಾ ವಿದ್ಯುತ್ ಸ್ಟಾರ್ಟರ್ ಬಳಸಬೇಕು. ಕೆಲವೊಮ್ಮೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ; ಆ ಏಟಿಗೆ ನಟ್ಟು ಸಡಿಲವಾಗಬಹುದು. ಹಾಗಾದಾಗಲೆಲ್ಲ ಬ್ಯಾಟರಿ ತೆಗೆದು ನಟ್ಟು ಮುಟ್ಟಿ ನೋಡಬೇಕು. ಓಡುವ ಪ್ರೊಪೆಲ್ಲರಿನ ಪಕ್ಕದಲ್ಲಿ, ಅದರ ಸುತ್ತಿನ ನೇರಕ್ಕೆ, ಯಾರೂ ನಿಲ್ಲಬಾರದು. ಬ್ಯಾಟರಿ ತೆಗೆಯುವುದು, ಸೂಜಿ ತಿರುಗಿಸುವುದು ಎಲ್ಲವೂ ರೆಕ್ಕೆಯ ಹಿಂದಿನಿಂದಲೇ.

ನಮ್ಮ ಮೈದಾನದ ಕಾಲೇಜು ಹುಡುಗನೊಬ್ಬ ಎಂಜಿನ್ ಓಡುತ್ತಿದ್ದಾಗ ಮುಂದಿನಿಂದ ಕೈ ಚಾಚಿದ. ತೋರುಬೆರಳಿಗೆ ಹೊಲಿಗೆ ಬಿತ್ತು. ಅವನ ತಂದೆ ಸಿಟ್ಟಾಗಿ ವಿಮಾನವನ್ನು ಅಟ್ಟಕ್ಕೇರಿಸಿದರು. ಕೆಲವೇ ವಾರಗಳಲ್ಲಿ ತಿಳಿದದ್ದೇನೆಂದರೆ, ಹುಡುಗ ಗೆಳೆಯನ ಮನೆಯ ತಾರಸಿಯ ಮೇಲೆ ಹಳೆಯ ಎಂಜಿನ್ ಇಟ್ಟುಕೊಂಡು ಒಬ್ಬನೇ ಓಡಿಸುತ್ತಿದ್ದ. ಹಿಡಿಯುವವರಿಲ್ಲ, ಹೇಳುವವರಿಲ್ಲ. ‘ನೀವೇ ಬಂದು ಬಾಲ ಹಿಡಿಯಿರಿ ಸ್ವಾಮಿ’ ಎಂದು ನಾನು ಅವರಿಗೆ ಹೇಳಿದೆ. ಅವರು ಬಂದರು. ವಿಮಾನದ ಬಾಲ ಹಿಡಿದು ಕೂತು, ‘ನಟ್ಟು ನೋಡಿದೆಯೇನೋ?’ ಎಂದು ಕೇಳುವುದು ಅವರ ರೂಢಿಯಾಯಿತು. ‘ನೋಡ್ದೆ ಅಪ್ಪ’ ಎನ್ನುವವರೆಗೆ ಮಗನಿಗೆ ಕೋಲು ಕೊಡುತ್ತಿರಲಿಲ್ಲ.

ಈಗ ಬ್ಯಾಟರಿ ಮೋಟಾರಿನ ವಿಮಾನಗಳೇ ಹೆಚ್ಚು. ಎಣ್ಣೆಯಿಲ್ಲ, ಸದ್ದಿಲ್ಲ, ಅದಕ್ಕೇ ಎಚ್ಚರ ಇನ್ನೂ ಹೆಚ್ಚು ಬೇಕು. ಬ್ಯಾಟರಿ ಜೋಡಿಸಿದ ಕ್ಷಣದಿಂದ ಮೋಟಾರು ಯಾವಾಗ ಬೇಕಾದರೂ ತಿರುಗಬಹುದು. ಬೆರಳು ತಗುಲಿದರೂ ಮುಂದಕ್ಕೇ ತಳ್ಳುತ್ತದೆ. ಮೊದಲು ರಿಮೋಟ್, ಥ್ರಾಟಲ್ ಕೆಳಗೆ, ಆಮೇಲೆ ವಿಮಾನದ ಬ್ಯಾಟರಿ. ಮನೆಯ ಮೇಜಿನ ಮೇಲೆ ಪರೀಕ್ಷಿಸುವುದಾದರೆ ಪ್ರೊಪೆಲ್ಲರನ್ನೇ ಕಳಚಿಡಿ.

ಮಗನೋ ಮಗಳೋ ವಿಮಾನ ಕೇಳಿದರೆ ಬೇಡವೆನ್ನಬೇಡಿ. ಜೊತೆಗೊಂದು ಒಳ್ಳೆಯ ಸ್ಪ್ಯಾನರನ್ನೂ ಕೊಡಿಸಿ, ಬಾಲ ಹಿಡಿಯಲು ನೀವೂ ಹೋಗಿ.