ನಿಂತು ಕೇಳುವವರು

ಲಂಡನ್ನಿನ ಪ್ರಾಮ್ಸ್ ಕಛೇರಿಗಳಿಗೆ ಬರುವವರಲ್ಲಿ ಎರಡೇ ಜಾತಿ: ಕೂರುವವರು, ನಿಲ್ಲುವವರು. ನಾನು ನಿಲ್ಲುವ ಜಾತಿ. ಜುಲೈ ನಡುವಿನಿಂದ ಸೆಪ್ಟೆಂಬರಿನ ತನಕ, ಹೆಚ್ಚುಕಡಿಮೆ ಎಂಟು ವಾರ, ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸಂಜೆಯಾದರೆ ವಾದ್ಯವೃಂದ. ವೇದಿಕೆಯ ಮುಂದಿನ ಅರೆನಾದಲ್ಲಿ ಕುರ್ಚಿಯೇ ಇಲ್ಲ. ಕೆಲವೇ ಪೌಂಡ್ ಕೊಟ್ಟು ಒಳಬಂದ ನಾವು ಪಿಟೀಲುಗಳ ಕಾಲ ಬುಡದಲ್ಲಿ. ದುಬಾರಿ ಬಾಕ್ಸಿನವರು ಅಷ್ಟು ದೂರದಲ್ಲಿ. ಹೆಚ್ಚು ಕೊಟ್ಟವನು ಹಿಂದೆ ಹೋಗುವ ಈ ಏರ್ಪಾಡು ನನಗೆ ಬಲು ಹಿತ.

ಇದಕ್ಕೆ ಪರಮಾವಧಿ ಉದಾಹರಣೆ ನಮ್ಮ ಜಯಚಾಮರಾಜ ಒಡೆಯರು. ಅದು ಪ್ರಾಮ್ಸ್ ಅಲ್ಲ, ಆದರೆ ಹಾಲ್ ಇದೇ. ರಿಚರ್ಡ್ ಸ್ಟ್ರಾಸ್ ತೀರಿಕೊಂಡ ಮರುವರ್ಷ, 1950ರ ಮೇ 22ರಂದು, ಅವನ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರಯೋಗ ಇಲ್ಲಿ ನಡೆಯಿತು. ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಾಡ್, ಕಂಡಕ್ಟರ್ ಫುರ್ಟ್‌ವೆಂಗ್ಲರ್, ಹಣದ ಜವಾಬ್ದಾರಿ ಹೊತ್ತದ್ದು ಮೈಸೂರು. ಒಡೆಯರಿಗೆ ಮಾತ್ರ ಬರಲಾಗಲಿಲ್ಲ. ಧ್ವನಿಮುದ್ರಣ ಹಡಗು ಹತ್ತಿ ಅವರ ಸಂಗ್ರಹ ಸೇರಿತು. ಅದರ ಪ್ರತಿಯನ್ನು ನಾನೂ ಕೇಳಿದ್ದೇನೆ. ಗರಗರ ಸದ್ದಿನ ಹಿಂದೆ ಎಲ್ಲೋ ಫ್ಲಾಗ್‌ಸ್ಟಾಡ್.

ಅಗ್ಗದ ಟಿಕೆಟ್ಟಿನ ಉಪಾಯ 1895ರದು. ಆಗ ಕ್ವೀನ್ಸ್ ಹಾಲ್‌ನಲ್ಲಿ ಪ್ರಾಮ್ಸ್ ಶುರುಮಾಡಿದ ರಾಬರ್ಟ್ ನ್ಯೂಮನ್‌ನ ಲೆಕ್ಕಾಚಾರ ಇಷ್ಟೆ: ಮೊದಲು ಜನರಿಗೆ ಬೇಕಾದದ್ದನ್ನೇ ನುಡಿಸುವುದು, ಅವರು ಬರುವುದು ರೂಢಿಯಾದ ಮೇಲೆ ಮೆಲ್ಲಗೆ ಕಷ್ಟದ್ದನ್ನು ದಾಟಿಸುವುದು. ಕಂಡಕ್ಟರ್ ಹೆನ್ರಿ ವುಡ್‌ಗೆ ಆಗ ಇಪ್ಪತ್ತಾರು. ತಿನ್ನಬಹುದಿತ್ತು, ಸೇದಬಹುದಿತ್ತು, ಹಾಡುಗಾರಿಕೆ ನಡೆಯುವಾಗ ದಯವಿಟ್ಟು ಬೆಂಕಿಕಡ್ಡಿ ಗೀರಬೇಡಿ ಎಂಬ ವಿನಂತಿ ಮಾತ್ರ. ಆ ಕ್ವೀನ್ಸ್ ಹಾಲ್ 1941ರಲ್ಲಿ ಜರ್ಮನ್ ಬಾಂಬಿಗೆ ಸುಟ್ಟುಹೋಗಿ ಕಛೇರಿಗಳು ಇಲ್ಲಿಗೆ ಬಂದವು. ಇಲ್ಲಿಯ ಗುಮ್ಮಟದ ಪ್ರತಿಧ್ವನಿ ಎಂಥದೆಂದರೆ ಒಂದೇ ಟಿಕೆಟ್ಟಿಗೆ ಎರಡು ಸಲ ಕೇಳಬಹುದು ಎಂದು ಗೇಲಿಮಾಡುತ್ತಿದ್ದರಂತೆ. 1969ರಲ್ಲಿ ಅಣಬೆಯಾಕಾರದ ತಟ್ಟೆಗಳನ್ನು ತೂಗುಹಾಕಿದ ಮೇಲೆ ಎಷ್ಟೋ ವಾಸಿಯಾಯಿತು. ಹಳೆಯ ಗದ್ದಲದ ಪಳೆಯುಳಿಕೆ ಒಂದಿದೆ: ಪಿಯಾನೊ ಮುಚ್ಚಳ ಎತ್ತುವಾಗ ಅರೆನಾ ‘ಹೀವ್’ ಎನ್ನುತ್ತದೆ, ಮೇಲಿನ ಗ್ಯಾಲರಿ ‘ಹೋ’ ಎನ್ನುತ್ತದೆ. ತೇರು ಎಳೆಯುವವರ ‘ಐಸಾ’ ನೆನಪಾಗಿ ನನಗೆ ನಗು ಬರುತ್ತದೆ.

ನ್ಯೂಮನ್ ಹೇಳದೆ ಬಿಟ್ಟ ಲಾಭ ಇನ್ನೊಂದಿದೆ. ಅಗ್ಗದ ಟಿಕೆಟ್ ನಮಗೆ ಬೇಸರಪಡುವ ಹಕ್ಕು ಕೊಡುತ್ತದೆ. ದುಡ್ಡು ಸುರಿದು ಕೂತವನು ರಸಾನುಭವವಾಯಿತೆಂದು ತನಗೇ ಸುಳ್ಳು ಹೇಳಿಕೊಳ್ಳಬೇಕು. ನಮಗೆ ಆ ಕರ್ಮವಿಲ್ಲ. ಬ್ರುಕ್ನರ್ ನನಗೆ ಇವತ್ತಿಗೂ ಬೇಸರವೇ. ಮೆಸಿಯಾನನ ‘ತುರಂಗಲೀಲಾ’ಕ್ಕೆ ಹೀಗೇ, ಏನೂ ಗೊತ್ತಿಲ್ಲದೆ ನುಗ್ಗಿದ್ದೆ. ಅಭ್ಯಾಸಬಲದಿಂದ ಬೆರಳುಗಳಲ್ಲಿ ತಾಳ ಹಿಡಿಯಹೊರಟರೆ ಎಲ್ಲೂ ಸಮ ಸಿಗಲೊಲ್ಲದು. ಪುಣ್ಯಾತ್ಮ ಶಾರ್ಙ್ಗದೇವನ ‘ಸಂಗೀತ ರತ್ನಾಕರ’ದ 120 ದೇಶೀ ತಾಳಗಳನ್ನು ಅರೆದು ಕುಡಿದವನು ಎಂದು ಆಮೇಲೆ ಓದಿದೆ. ಆದಿತಾಳದವನ ಗತಿ ಇನ್ನೇನಾದೀತು! ಆರಿಸಿಕೊಂಡು ಹೋಗಿದ್ದರೆ ಆ ಸಂಜೆ ನನ್ನ ಪಾಲಿಗೆ ಬರುತ್ತಲೇ ಇರಲಿಲ್ಲ.

ಬೀಥೋವನ್ನನ ಒಂಬತ್ತನೆಯ ಸಿಂಫನಿ ಮಾತ್ರ ಹೆಚ್ಚುಕಡಿಮೆ ಪ್ರತಿವರ್ಷದ್ದು. ಅದರಲ್ಲಿ ನನ್ನ ಕಣ್ಣು ಹಿಂದಿನ ಸಾಲುಗಳ ಗಾಯಕವೃಂದದ ಮೇಲೆ. ಮೊದಲ ಮೂರು ಭಾಗ, ಮುಕ್ಕಾಲು ಗಂಟೆ, ಅವರು ಸುಮ್ಮನೆ ಕೂತಿರಬೇಕು. ನಾವು ನಿಂತು ಅವರನ್ನು ನೋಡುತ್ತೇವೆ. ಅವರು ಕೂತು ನಮ್ಮನ್ನು ನೋಡುತ್ತಾರೆ. ಕೆಮ್ಮುವಂತಿಲ್ಲ, ತೂಕಡಿಸುವಂತಿಲ್ಲ. ಕೊನೆಯ ಭಾಗದಲ್ಲಿ ಎದ್ದವರೇ ತಾರಸ್ಥಾಯಿಗೆ ಹಾರಬೇಕು. ಸೊಪ್ರಾನೊಗಳಿಗೆ ಬೀಥೋವನ್ ಕರುಣೆಯನ್ನೇ ತೋರಿಲ್ಲ. ಬಿಬಿಸಿ ಸಿಂಫನಿ ಕೋರಸ್‌ನವರಂತೂ ಹವ್ಯಾಸಿಗಳು, ಹಗಲು ಬೇರೆ ಕೆಲಸ ಮಾಡಿ ಸಂಜೆ ಹಾಡುವವರು. ಆದ್ದರಿಂದಲೋ ಏನೋ, ಚಪ್ಪಾಳೆ ಮುಗಿದದ್ದೇ ತಡ, ಕಡತ ಕಂಕುಳಲ್ಲಿಟ್ಟುಕೊಂಡು ಸೌತ್ ಕೆನ್ಸಿಂಗ್ಟನ್ ಸ್ಟೇಷನ್ನಿನತ್ತ ನಮಗಿಂತ ಬಿರುಸಾಗಿ ಹೆಜ್ಜೆ ಹಾಕುತ್ತಾರೆ.