ಗ್ಯಾಸ್ ತುಂಬಿಸುವ ಮೊದಲು

ಹಾಯಿದೋಣಿ ಹತ್ತಿ ತಿಂಗಳುಗಟ್ಟಲೆ ಸಮುದ್ರ ಸುತ್ತುವ ಹವ್ಯಾಸ ಯುರೋಪು, ಅಮೆರಿಕಗಳಲ್ಲಿ ಅನೇಕರಿಗಿದೆ. ಅವರ ದೋಣಿಯ ಮೂಲೆಯಲ್ಲಿ ಒಂದು ಪುಟ್ಟ ಫ್ರಿಜ್ ಇರುತ್ತದೆ. ಹಾಲು, ಮೀನು, ಕೆಲವೊಮ್ಮೆ ಇನ್ಸುಲಿನ್‌ನಂಥ ಔಷಧಿಯನ್ನೂ ಕೆಡದಂತೆ ಕಾಯುವುದು ಅದರ ಕೆಲಸ. ದಡ ಬಿಟ್ಟ ಮೇಲೆ ಅದಕ್ಕೆ 12 ವೋಲ್ಟಿನ ಬ್ಯಾಟರಿಯೇ ಗತಿ. ನಡುನೀರಿನಲ್ಲಿ ಅದು ಕೈಕೊಟ್ಟರೆ ಕರೆಯಲು ಮೆಕ್ಯಾನಿಕ್ ಇರುವುದಿಲ್ಲ.

ಹಳೆಯ ಫ್ರಿಜ್ ತಣ್ಣಗಾಗದಿದ್ದರೆ ಹಲವರ ಬಾಯಿಂದ ಬರುವ ಮೊದಲ ಮಾತು, ‘ಗ್ಯಾಸ್ ಮುಗಿದಿರಬೇಕು, ತುಂಬಿಸಿದರಾಯಿತು’. ಆದರೆ ಫ್ರಿಜ್‌ನ ಗ್ಯಾಸ್ ಸ್ಕೂಟರಿನ ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಕಂಪ್ರೆಸರ್ ಅದನ್ನು ಒತ್ತುತ್ತದೆ. ಒತ್ತಿ ಬಿಸಿಯಾದ ಅನಿಲ ಹೊರಗೆ ಶಾಖ ಬಿಟ್ಟು ದ್ರವವಾಗುತ್ತದೆ. ಆ ದ್ರವ ಪೆಟ್ಟಿಗೆಯೊಳಗೆ ಆವಿಯಾಗುವಾಗ ಅಲ್ಲಿನ ಶಾಖವನ್ನು ಹೀರಿಕೊಂಡು ಮತ್ತೆ ಕಂಪ್ರೆಸರಿಗೆ ಮರಳುತ್ತದೆ. ಎಷ್ಟು ವರ್ಷ ಹೀಗೆ ಸುತ್ತಿದರೂ ಅದು ಮುಗಿಯುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ.

ಅದಕ್ಕೇ ಬಲ್ಲವರು ಮೊದಲು ಕೈಗೆತ್ತಿಕೊಳ್ಳುವುದು ಗ್ಯಾಸ್ ಸಿಲಿಂಡರನ್ನಲ್ಲ, ವೋಲ್ಟ್‌ಮೀಟರನ್ನು. ಉಪ್ಪುಗಾಳಿಗೆ ತಂತಿಯ ಜೋಡಣೆಗಳು ಕಿಲುಬು ಹಿಡಿದು ರೋಧ 0.4 ಓಮ್ ಆಗಿದೆ ಎನ್ನೋಣ. ಕಂಪ್ರೆಸರ್ 5 ಆಂಪಿಯರ್ ಎಳೆದರೆ ಓಮನ ನಿಯಮದಂತೆ 2 ವೋಲ್ಟ್ ದಾರಿಯಲ್ಲೇ ನಷ್ಟ. ಬ್ಯಾಟರಿಯಲ್ಲಿ 12.2 ವೋಲ್ಟ್ ಇದ್ದರೂ ಫ್ರಿಜ್‌ಗೆ ತಲುಪುವುದು 10.2 ಮಾತ್ರ. ದೋಣಿಗಳಲ್ಲಿ ಹೆಚ್ಚಾಗಿ ಬಳಕೆಯಾದ ಡ್ಯಾನ್‌ಫಾಸ್ ಬಿಡಿ-35 ಕಂಪ್ರೆಸರಿನ ನಿಯಂತ್ರಕ, ವೋಲ್ಟೇಜು ಸಾಮಾನ್ಯವಾಗಿ 10.4ಕ್ಕೆ ಇಳಿದರೆ ಬ್ಯಾಟರಿಯ ರಕ್ಷಣೆಗೆಂದು ಯಂತ್ರವನ್ನು ನಿಲ್ಲಿಸಿಬಿಡುತ್ತದೆ. ನಿಂತ ಮೇಲೆ ವಿದ್ಯುತ್ ಹರಿಯದ ಕಾರಣ ಮೀಟರು ಮತ್ತೆ 12.2 ತೋರಿಸುತ್ತದೆ! ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವಿದು: ಅಳತೆಯನ್ನು ಯಂತ್ರ ಓಡುತ್ತಿರುವಾಗಲೇ ತೆಗೆದುಕೊಳ್ಳಬೇಕು. ಎಷ್ಟೋ ಬಾರಿ ಜೋಡಣೆ ಉಜ್ಜಿ, ದಪ್ಪ ತಂತಿ ಹಾಕಿದರೆ ಫ್ರಿಜ್ ಸರಿಹೋಗುತ್ತದೆ.

ವಿದ್ಯುತ್ ಸರಿಯಿದ್ದೂ ತಂಪಾಗದಿದ್ದರೆ ಸೋರಿಕೆಯನ್ನು ಹುಡುಕಬೇಕು. ಕೊಳವೆಯ ಜೋಡಣೆಯಲ್ಲಿ ಎಣ್ಣೆಯ ಕಲೆ ಕಂಡರೆ ಅದೇ ಸುಳಿವು. ಸಾಬೂನು ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಅದನ್ನು ಮುಚ್ಚಿದ ಮೇಲೆ ನಿರ್ವಾತ ಪಂಪಿನಿಂದ ಗಾಳಿ, ತೇವವನ್ನು ಹೊರತೆಗೆಯುತ್ತಾರೆ. ಒತ್ತಡ ಇಳಿದಾಗ ನೀರು ಕೋಣೆಯ ಉಷ್ಣತೆಯಲ್ಲೇ ಕುದಿದು ಆವಿಯಾಗಿ ಹೋಗುತ್ತದೆ. ತೇವ ಉಳಿದರೆ ಅದು ಸಣ್ಣ ಕೊಳವೆಯ ತುದಿಯಲ್ಲಿ ಮಂಜುಗಡ್ಡೆಯಾಗಿ ದಾರಿ ಕಟ್ಟೀತು. ಕೊನೆಗೆ ತಯಾರಕರು ಹೇಳಿದಷ್ಟೇ ಗ್ಯಾಸನ್ನು ತೂಗಿ ತುಂಬಬೇಕು. ಇದು ತರಬೇತಿ ಪಡೆದವರ ಕೆಲಸ, ಮಕ್ಕಳ ಆಟವಲ್ಲ.

ಸೋರಿದ ಗ್ಯಾಸ್ ಎಲ್ಲಿಗೆ ಹೋಯಿತು? ಹಳೆಯ ಫ್ರಿಜ್‌ಗಳಲ್ಲಿದ್ದ ಆರ್-12 ಅನಿಲದ ಕ್ಲೋರಿನ್ ಓಜೋನ್ ಪದರವನ್ನು ಕೆಡಿಸಬಲ್ಲದೆಂದು ಮೊಲೀನಾ ಮತ್ತು ರೋಲೆಂಡ್ 1974ರಲ್ಲೇ ಎಚ್ಚರಿಸಿದ್ದರು. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಅದರ ಉತ್ಪಾದನೆ ನಿಂತಿತು. ಅದರ ಬದಲಿಗೆ ಬಂದ ಆರ್-134ಎ ಓಜೋನಿಗೆ ಕೇಡು ಮಾಡದಿದ್ದರೂ, ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಬಲಶಾಲಿ. ಸೋರಿಕೆ ಮುಚ್ಚದೆ ಗ್ಯಾಸ್ ತುಂಬಿಸುತ್ತಾ ಹೋದರೆ ಹಣ ವ್ಯರ್ಥ, ಆಕಾಶಕ್ಕೂ ಕೇಡು.

ಪಾಲಕರಿಗೂ ಇದರಲ್ಲಿ ಒಂದು ಪಾಠವಿದೆ. ಗಣಿತದಲ್ಲಿ ಅಂಕ ಇಳಿದ ಕೂಡಲೇ ಮಗುವನ್ನು ಎರಡು ಟ್ಯೂಷನ್ನಿಗೆ ಅಟ್ಟುವುದು ಸುಲಭ. ಆದರೆ ಅದಕ್ಕೆ ಕರಿಹಲಗೆ ಸರಿಯಾಗಿ ಕಾಣುತ್ತಿಲ್ಲವೋ, ನಾಲ್ಕನೇ ತರಗತಿಯ ಭಿನ್ನರಾಶಿಯೇ ಅರ್ಥವಾಗದೆ ಉಳಿದಿದೆಯೋ, ರಾತ್ರಿ ನಿದ್ದೆ ಸಾಲದೋ? ಹತ್ತಿರ ಕೂರಿಸಿಕೊಂಡು ವಿಚಾರಿಸಿದವರಿಗಷ್ಟೇ ಅದು ತಿಳಿಯುತ್ತದೆ. ಸೋರುವ ಜಾಗ ಸಿಕ್ಕಿದರೆ ತುಂಬುವ ಕೆಲಸ ಕಷ್ಟವಲ್ಲ.